ಹಿರಿಯರ ಮಾತ್ರೆ ಮತ್ತು ಮನೆಯ ಕೇರ್‌ಟೇಕರ್: ಏನೇನು ಮಾಡಬಹುದು, ಎಲ್ಲಿ ಕೈ ತಡೆಯಬೇಕು

ಮೈಸೂರಿನ ಕುವೆಂಪುನಗರದ ಒಂದು ಮನೆ. ಫ್ರಿಜ್ ಮೇಲೆ ಹಳೇ ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಅಜ್ಜಿಯ ತವರಿನವರ ಹೆಸರು ಕೊರೆಸಿದೆ. ತೆಗೆದರೆ ಒಳಗೆ ಕತ್ತರಿಸಿಟ್ಟ ಸ್ಟ್ರಿಪ್ ತುಂಡುಗಳು. ಒಂದರಲ್ಲಿ ಎರಡು ಮಾತ್ರೆ, ಇನ್ನೊಂದರಲ್ಲಿ ಮೂರು. ಹೆಸರಿದ್ದ ಭಾಗ ಕತ್ತರಿಗೆ ಹೋಗಿದೆ, ತಾರೀಖಿದ್ದ ಭಾಗವೂ ಹೋಗಿದೆ. "ಬಿಳೀದು ಬೆಳಿಗ್ಗೆ, ಹಳದಿ ರಾತ್ರಿಗೆ, ಅಷ್ಟೇ ಕಣಮ್ಮ" ಅಂದರು ಅಜ್ಜಿ. ಡಬ್ಬಿಯಲ್ಲಿ ಬಿಳಿ ಮಾತ್ರೆಯೇ ಮೂರು ಥರ ಇತ್ತು. ಒಂದು ಬಿಪಿಗೆ, ಒಂದು ಶುಗರ್‌ಗೆ. ಮೂರನೆಯದು ಯಾವುದಕ್ಕೆ ಅಂತ ಅಜ್ಜಿಗೂ ಗೊತ್ತಿರಲಿಲ್ಲ. ಅವತ್ತು ಅಲ್ಲಿಗೆ ಹೊಸದಾಗಿ ಸೇರಿದ ಹುಡುಗಿ ನನಗೆ ಫೋನ್ ಮಾಡಿ, "ಅಕ್ಕ, ಕೊಡ್ಲಾ ಬೇಡ್ವಾ?" ಅಂತ ಕೇಳಿದಳು.

ಆ ಪ್ರಶ್ನೆಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಓದಿದ ನರ್ಸ್. ಮೈಸೂರು, ಮಂಡ್ಯದ ಮನೆಗಳಿಗೆ ಹೋಗುವ ಕೇರ್‌ಟೇಕರ್‌ಗಳಿಗೆ ಕೆಲಸ ಕಲಿಸುತ್ತೇನೆ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುತ್ತಾರೆ, ಇಲ್ಲಿ ಅಪ್ಪ ಅಮ್ಮ ಇಬ್ಬರೇ. ದಿನಕ್ಕೆ ಹತ್ತು ಹನ್ನೆರಡು ಮಾತ್ರೆ ನುಂಗುವವರಿಗೆ ನೆನಪು ಕೈ ಕೊಡುತ್ತದೆ. ಆಗ ಎಲ್ಲರ ಕಣ್ಣು ಬೀಳುವುದು ಕೇರ್‌ಟೇಕರ್ ಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಮಾತ್ರೆ, ಎಷ್ಟು, ಯಾವಾಗ ಅಂತ ತೀರ್ಮಾನ ಮಾಡುವವರು ಡಾಕ್ಟರ್. ಬೇಕು ಬೇಡ ಅನ್ನುವ ಹಕ್ಕು ಮಾತ್ರೆ ನುಂಗುವವರದ್ದು. ಆ ತೀರ್ಮಾನ ಸರಿಯಾಗಿ ಬಾಯಿವರೆಗೆ ತಲುಪುವ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ. ನೆನಪಿಸಿ, ಸಹಾಯ ಮಾಡಿ, ಕಣ್ಣಿಟ್ಟು ನೋಡಿ, ಬರೆದಿಡಿ, ತಿಳಿಸಿ.

ನೀವು ನರ್ಸಾ, ಕೇರ್‌ಟೇಕರಾ? ಮೊದಲ ದಿನವೇ ಹೇಳಿ

ನಮ್ಮ ಕಡೆ ಮನೆಗೆ ಬಂದವರನ್ನೆಲ್ಲ "ಹೋಮ್ ನರ್ಸ್" ಅಂತ ಕರೆದುಬಿಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ. ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು ನರ್ಸ್. ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಮ್ ಹೆಲ್ತ್ ಏಡ್ ಅಂತ ಕೆಲವು ತಿಂಗಳ ತರಬೇತಿ ಪಡೆದವರು ಆರೈಕೆ ಸಹಾಯಕರು. ಅದೂ ಗೌರವದ ಕೆಲಸವೇ. ಆದರೆ ಸೂಜಿ ಚುಚ್ಚುವುದು ಅವರ ಕೆಲಸ ಅಲ್ಲ.

ಹಾಗಾಗಿ ಮನೆಗೆ ಹೋದ ದಿನವೇ ಹೇಳಿ: "ಅಮ್ಮ, ನಾನು ನರ್ಸ್ ಅಲ್ಲ, ಕೇರ್‌ಟೇಕರ್. ಮಾತ್ರೆ ಟೈಮಿಗೆ ನೆನಪಿಸ್ತೀನಿ, ತೆಗೆದುಕೊಡ್ತೀನಿ, ಬರೆದಿಡ್ತೀನಿ. ಇಂಜೆಕ್ಷನ್ ಕೊಡೋದಿಲ್ಲ." ಈ ಮಾತು ಮೊದಲ ದಿನ ಹೇಳುವುದು ಸುಲಭ. ತಿಂಗಳು ಕಳೆದ ಮೇಲೆ ಹೇಳಿದರೆ ಕೆಲಸ ತಪ್ಪಿಸಿಕೊಳ್ಳುತ್ತಿದ್ದಾಳೆ ಅನ್ನುತ್ತಾರೆ.

ಧೈರ್ಯವಾಗಿ ಮಾಡಬಹುದಾದ ಕೆಲಸ ಬೇಕಾದಷ್ಟಿದೆ:

- ಟೈಮ್ ಆಯಿತು ಅಂತ ನೆನಪಿಸುವುದು, ಮಾತ್ರೆ ಡಬ್ಬಿ ತಂದಿಡುವುದು
- ಸ್ಟ್ರಿಪ್ ಮೇಲಿರುವ ಹೆಸರು, ಎಂಜಿ, ತಾರೀಖು ಗಟ್ಟಿಯಾಗಿ ಓದಿ ಹೇಳುವುದು
- ಬಿಗಿಯಾದ ಮುಚ್ಚಳ ತೆಗೆಯುವುದು, ಸ್ಟ್ರಿಪ್‌ನಿಂದ ಮಾತ್ರೆ ಬಿಡಿಸಿ ಅವರ ಅಂಗೈಗೆ ಹಾಕುವುದು
- ನೀರು ಕೊಡುವುದು, ಕೈ ನಡುಗುವವರ ಮೊಣಕೈ ಹಿಡಿದು ಆಸರೆಯಾಗುವುದು
- ಚೀಟಿಯಲ್ಲಿ ಬರೆದಷ್ಟು ಸಿರಪ್ಪನ್ನು ಅಳತೆ ಮುಚ್ಚಳದಲ್ಲಿ ಅಳೆದು ಕೊಡುವುದು
- ನುಂಗಿದ್ದು ನೋಡಿ ಬರೆದಿಡುವುದು, ಸ್ಟಾಕ್ ಮುಗಿಯುತ್ತಾ ಬಂದಾಗ ಮನೆಯವರಿಗೆ ಹೇಳುವುದು

ಮಾಡಬಾರದ್ದು: ಇಂಜೆಕ್ಷನ್, ಡ್ರಿಪ್, ಮೂಗಿನ ಟ್ಯೂಬ್ ಮೂಲಕ ಔಷಧಿ. ಡೋಸ್ ಹೆಚ್ಚು ಕಡಿಮೆ ಮಾಡುವುದು, ನಿಲ್ಲಿಸುವುದು, ಹೊಸದು ಶುರು ಮಾಡುವುದು. ನಿಮ್ಮ ಬ್ಯಾಗಿನಲ್ಲಿರುವ ತಲೆನೋವಿನ ಮಾತ್ರೆ ಕೊಡುವುದು. ಅವರಿಗೆ ಹೇಳದೆ ಮಾತ್ರೆ ಪುಡಿ ಮಾಡಿ ಅನ್ನದಲ್ಲಿ ಬೆರೆಸುವುದು.

ಮಾತ್ರೆ ನುಂಗುವವರು ಮರೆವಿನ ಕಾಯಿಲೆ ಇರುವ ತಾತ ಆಗಿದ್ದರೆ? "ಇದು ನನ್ನ ಮಾತ್ರೆ" ಅಂತ ಗುರುತು ಹಿಡಿಯಲು ಅವರಿಗೆ ಆಗುವುದಿಲ್ಲ. ಆಗ ಜವಾಬ್ದಾರಿ ಮನೆಯವರದ್ದು. ಅವರು ವಿಂಗಡಿಸಿ ಇಟ್ಟಿದ್ದನ್ನು, ಅವರು ಬರೆದುಕೊಟ್ಟ ಪಟ್ಟಿ ನೋಡಿಕೊಂಡೇ ಕೊಡಿ. ಪಟ್ಟಿ ಇಲ್ಲದಿದ್ದರೆ ಮೊದಲು ಪಟ್ಟಿ ಮಾಡಿಸಿ.

ಹೆಜ್ಜೆ 1: ಮನೆಯಲ್ಲಿರುವ ಎಲ್ಲಾ ಔಷಧಿ ಒಂದು ಕಡೆ ಬರಲಿ

ಟೇಬಲ್ ಮೇಲೆ ಒಂದು ಟವೆಲ್ ಹಾಸಿ. ಫ್ರಿಜ್, ದಿಂಬಿನ ಪಕ್ಕ, ಟಿವಿ ಸ್ಟ್ಯಾಂಡ್, ದೇವರ ಮನೆಯ ಗೂಡು, ಅಜ್ಜಿಯ ವ್ಯಾನಿಟಿ ಬ್ಯಾಗು, ಎಲ್ಲಾ ಕಡೆಯಿಂದ ಔಷಧಿ ತಂದಿಡಿ. ಇದನ್ನು ಮನೆಯವರು ಒಬ್ಬರು ಜೊತೆಗಿದ್ದಾಗಲೇ ಮಾಡಬೇಕು. ಮಗಳು ದೂರದ ಊರಲ್ಲಿದ್ದರೆ ವಾಟ್ಸಾಪ್ ವಿಡಿಯೋ ಕಾಲ್ ಸಾಕು.

ಪಕ್ಕದಲ್ಲಿ ಡಾಕ್ಟರ್ ಬರೆದ ಇತ್ತೀಚಿನ ಚೀಟಿ ಇಟ್ಟುಕೊಳ್ಳಿ. ಚೀಟಿಯಲ್ಲಿರುವುದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ. ಹೋದ ವರ್ಷ ಕೆಮ್ಮಿಗೆ ತಂದಿದ್ದು, ಪಕ್ಕದ ಮನೆಯವರು ಕೊಟ್ಟಿದ್ದು, ಯಜಮಾನರು ತೀರಿಹೋದ ಮೇಲೂ ಉಳಿದುಕೊಂಡ ಅವರ ಹಾರ್ಟ್ ಮಾತ್ರೆ, ಇವೆಲ್ಲ ಸಿಗುತ್ತವೆ. ನೀವು ಬಿಸಾಡಬೇಡಿ. ಒಂದು ಕವರಿಗೆ ಹಾಕಿ, "ಚೀಟಿಯಲ್ಲಿ ಇಲ್ಲ" ಅಂತ ಬರೆದು ಮನೆಯವರ ಕೈಗೆ ಕೊಡಿ.

ಕಷಾಯ, ಚೂರ್ಣ, ನಾಟಿ ಔಷಧಿ ಬಗ್ಗೆಯೂ ಕೇಳಿ. "ಅದೇನು ಔಷಧಿ ಬಿಡಮ್ಮ" ಅನ್ನುತ್ತಾರೆ. ಔಷಧಿಯೇ ಅದು. ಶುಗರ್‌ಗೆ ಅಂತ ಕುಡಿಯುವ ಕಷಾಯ ಶುಗರ್ ಮಾತ್ರೆ ಜೊತೆ ಸೇರಿ ಶುಗರ್ ಜಾಸ್ತಿ ಇಳಿಸಬಹುದು. ಪಟ್ಟಿಯಲ್ಲಿ ಅದೂ ಇರಲಿ, ಡಾಕ್ಟರ್‌ಗೆ ತೋರಿಸಲಿ.

ಈಗ ಚೀಟಿ ಓದುವುದು. 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓಡಿ ಅಂದರೆ ದಿನಕ್ಕೆ ಒಂದು ಸಲ, ಬಿಡಿ ಅಂದರೆ ಎರಡು ಸಲ, ಟಿಡಿಎಸ್ ಅಂದರೆ ಮೂರು ಸಲ. ಎಚ್‌ಎಸ್ ಅಂದರೆ ಮಲಗುವ ಹೊತ್ತಿಗೆ. ಎಸ್‌ಓಎಸ್ ಅಂದರೆ ಬೇಕಾದಾಗ ಮಾತ್ರ, ಮತ್ತು ಆ "ಬೇಕಾದಾಗ" ಅನ್ನುವುದನ್ನು ನೀವು ತೀರ್ಮಾನಿಸುವ ಹಾಗಿಲ್ಲ. ಎಷ್ಟು ಜ್ವರ ಬಂದರೆ, ದಿನಕ್ಕೆ ಹೆಚ್ಚೆಂದರೆ ಎಷ್ಟು ಸಲ ಅಂತ ಬರೆಸಿಕೊಳ್ಳಿ. ಅಕ್ಷರ ಅರ್ಥ ಆಗದಿದ್ದರೆ ಊಹೆ ಬೇಡ. ಮೆಡಿಕಲ್ ಶಾಪಿನ ಫಾರ್ಮಸಿಸ್ಟ್ ಕೈಲಿ ಓದಿಸಿ, ಆಮೇಲೂ ಅನುಮಾನ ಇದ್ದರೆ ಕ್ಲಿನಿಕ್‌ಗೆ ಫೋನ್ ಮಾಡಿಸಿ.

"ವಾರಕ್ಕೆ ಒಂದು" ಅಂತ ಬರೆದಿರುವ ಮಾತ್ರೆಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ. ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಗೊಳ್ಳುವಂಥದ್ದು. ಮರೆತು ದಿನಾ ಕೊಟ್ಟರೆ ಪ್ರಾಣಕ್ಕೇ ಅಪಾಯ.

ಪಟ್ಟಿಯನ್ನು ಮನೆಯವರೇ ಬರೆದು ಸಹಿ ಹಾಕಲಿ. ಮಾತ್ರೆಯ ಹೆಸರು, ಒಳಗಿನ ಔಷಧಿಯ ಹೆಸರು, ಎಷ್ಟು ಎಂಜಿ, ಯಾತಕ್ಕೆ, ಯಾವ ಹೊತ್ತಿಗೆ, ಊಟಕ್ಕೆ ಮುಂಚೆಯೋ ನಂತರವೋ. ಕೊನೆಯಲ್ಲಿ ಯಾವ ಔಷಧಿ ಮೈಗೆ ಆಗುವುದಿಲ್ಲ ಅನ್ನುವುದು, ಡಾಕ್ಟರ್ ನಂಬರ್, ಮಕ್ಕಳ ನಂಬರ್, ಆಂಬುಲೆನ್ಸ್‌ಗೆ 108. ಒಂದು ಪ್ರತಿ ಫ್ರಿಜ್ ಬಾಗಿಲಿಗೆ ಅಂಟಿಸಿ, ಒಂದು ಫೋಟೋ ನಿಮ್ಮ ಮೊಬೈಲಲ್ಲಿ ಇರಲಿ.

ಹೆಜ್ಜೆ 2: ಎಲ್ಲಿಡಬೇಕು, ವಾರದ ಡಬ್ಬಿ ಯಾರು ತುಂಬಬೇಕು

ಒಲೆ ಪಕ್ಕ, ಬಚ್ಚಲುಮನೆ, ಬಿಸಿಲು ಬೀಳುವ ಕಿಟಕಿ ಬೇಡ. ದೇವರ ಮನೆಯ ಗೂಡೂ ಬೇಡ, ದೀಪದ ಕಾವು ತಾಗುತ್ತದೆ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುವ ಮನೆಯಾದರೆ ಬೀರು ಒಳಗಿಟ್ಟು ಬೀಗ ಹಾಕಿ.

ಸೋಮವಾರದಿಂದ ಭಾನುವಾರದವರೆಗೆ ಖಾನೆ ಇರುವ ಮಾತ್ರೆ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬಹಳ ಒಳ್ಳೆಯ ವಸ್ತು. ಅದನ್ನು ಮನೆಯವರು ಅಥವಾ ನರ್ಸ್ ತುಂಬಬೇಕು. ಭಾನುವಾರ ಸಂಜೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಅವರು ತುಂಬುವಾಗ ನೀವು ಪಕ್ಕದಲ್ಲಿ ಕೂತು ಪಟ್ಟಿ ಓದಿ. ಖಾಲಿ ಸ್ಟ್ರಿಪ್ ಬಿಸಾಡದೆ ಆ ವಾರ ಪೂರ್ತಿ ಇಟ್ಟುಕೊಳ್ಳಿ. ಆಸ್ಪತ್ರೆಗೆ ಓಡಬೇಕಾದರೆ ಡಾಕ್ಟರ್ ಮೊದಲು ಕೇಳುವುದು ಅದನ್ನೇ.

ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆಯನ್ನು ವಾರದ ಡಬ್ಬಿಗೆ ಹಾಕಬಾರದು. ಅದು ಅದರದೇ ಸ್ಟ್ರಿಪ್‌ನಲ್ಲಿ, ತಕ್ಷಣ ಕೈಗೆ ಸಿಗುವ ಜಾಗದಲ್ಲಿ ಇರಬೇಕು. ಸ್ಟ್ರಿಪ್‌ಗಳಿಗೆ ಕತ್ತರಿ ಹಾಕುವ ಅಭ್ಯಾಸ ಇವತ್ತೇ ಬಿಡಿಸಿ.

ಹೆಜ್ಜೆ 3: ಪ್ರತಿ ಸಲ ಕೊಡುವಾಗ

ಇದನ್ನು ಅವಸರ ಮಾಡದೆ ಓದಿ. ತಪ್ಪಾಗುವುದು ಹೆಚ್ಚಾಗಿ ಇಲ್ಲೇ.

ಫೋನ್ ಪಕ್ಕಕ್ಕಿಡಿ, ಟಿವಿ ಸೌಂಡ್ ಕಡಿಮೆ ಮಾಡಿ. ಸೋಪು ಹಾಕಿ ಕೈ ತೊಳೆದುಕೊಳ್ಳಿ. ಲೈಟ್ ಹಾಕಿ. ಅಜ್ಜಿಗೆ ಕನ್ನಡಕ ಕೊಡಿ, ಅವರೂ ನೋಡಲಿ. ಮೊದಲು ಮಾತ್ರೆ ಕೊಟ್ಟದ್ದನ್ನು ಬರೆದಿಡುವ ಪುಸ್ತಕ ತೆಗೆದು, ಈ ಹೊತ್ತಿನದ್ದು ಆಗಲೇ ಯಾರಾದರೂ ಕೊಟ್ಟಿದ್ದಾರಾ ನೋಡಿ. ಆಮೇಲೆ ಡಬ್ಬಿಗೆ ಕೈ ಹಾಕಿ.

ಐದು ವಿಷಯ ಮನಸ್ಸಲ್ಲಿ ಇರಲಿ: ಸರಿಯಾದ ವ್ಯಕ್ತಿ, ಸರಿಯಾದ ಔಷಧಿ, ಸರಿಯಾದ ಅಳತೆ, ಸರಿಯಾದ ಹೊತ್ತು, ಸರಿಯಾದ ದಾರಿ. "ವ್ಯಕ್ತಿ" ಅಂದರೆ ನಗು ಬರಬಹುದು, ಮನೆಯಲ್ಲಿ ಇರುವುದೇ ಇಬ್ಬರು ಅಲ್ವಾ? ತಾತನಿಗೂ ಅಜ್ಜಿಗೂ ಇಬ್ಬರಿಗೂ ಬಿಪಿ ಇರುತ್ತದೆ, ಒಬ್ಬರದ್ದು 40 ಎಂಜಿ, ಇನ್ನೊಬ್ಬರದ್ದು 80. ಡಬ್ಬಿ ಅಕ್ಕಪಕ್ಕ ಇದ್ದರೆ ಅದಲು ಬದಲು ಆಗಲು ಎಷ್ಟು ಹೊತ್ತು ಬೇಕು? ತಾತನ ಡಬ್ಬಿಗೆ ನೀಲಿ ಟೇಪ್, ಅಜ್ಜಿಯದಕ್ಕೆ ಕೆಂಪು ಟೇಪ್ ಸುತ್ತಿ. "ದಾರಿ" ಅಂದರೆ ನುಂಗುವುದೋ, ನಾಲಿಗೆ ಕೆಳಗಿಡುವುದೋ, ಕಣ್ಣಿಗೋ ಕಿವಿಗೋ ಅನ್ನುವುದು. ಕಣ್ಣಿನ ಡ್ರಾಪ್ಸ್, ಕಿವಿಯ ಡ್ರಾಪ್ಸ್ ಬಾಟಲಿ ನೋಡಲು ಒಂದೇ ಥರ.

ಹೆಸರನ್ನು ಮೂರು ಸಲ ಓದಬೇಕು. ಡಬ್ಬಿಯಿಂದ ತೆಗೆಯುವಾಗ ಒಂದು ಸಲ, ಕೈಗೆ ಹಾಕುವ ಮುಂಚೆ ಒಂದು ಸಲ, ವಾಪಸ್ ಇಡುವಾಗ ಒಂದು ಸಲ. ಗಟ್ಟಿಯಾಗಿ ಓದಿ: "ಅಜ್ಜಿ, ಇದು ಬಿಪಿ ಮಾತ್ರೆ, ನಲವತ್ತು ಎಂಜಿ, ಒಂದು." ಅವರು ಹೂಂ ಅಂದ ಮೇಲೆ ಕೊಡಿ. "ಇದು ಯಾವತ್ತಿನ ಹಾಗಿಲ್ಲವಲ್ಲ" ಅಂತ ಅವರು ಅಂದರೆ ಅಲ್ಲೇ ನಿಲ್ಲಿ. ಅಂಥ ಮಾತನ್ನು ವಯಸ್ಸಾದವರ ಗೊಣಗಾಟ ಅಂತ ತಳ್ಳಿಹಾಕಬೇಡಿ. ಅವರು ಸರಿಯಿದ್ದ ಸಂದರ್ಭಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಮಲಗಿಸಿಕೊಂಡು ಕೊಡಬೇಡಿ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ. ಮೊದಲು ಒಂದು ಗುಟುಕು ನೀರು, ಬಾಯಿ ಒದ್ದೆಯಾಗಲಿ. ಒಂದು ಸಲಕ್ಕೆ ಒಂದೇ ಮಾತ್ರೆ. ತಲೆ ಹಿಂದಕ್ಕೆ ಎತ್ತಬಾರದು, ಗದ್ದ ಸ್ವಲ್ಪ ಕೆಳಗಿದ್ದರೆ ನುಂಗುವುದು ಸುಲಭ, ಕೆಮ್ಮು ಬರುವುದೂ ಕಡಿಮೆ. ಬಾಯಿ ತೆಗೆಸಿ, ಕೆನ್ನೆ ಸಂದಿಯಲ್ಲಿ ಉಳಿದಿದೆಯಾ ನೋಡಿ. ಪಾರ್ಶ್ವವಾಯು ಆದವರಿಗೆ ಸೋತ ಕಡೆಯ ಕೆನ್ನೆಯಲ್ಲಿ ಮಾತ್ರೆ ಗೊತ್ತಾಗದ ಹಾಗೆ ಕೂತುಬಿಡುತ್ತದೆ. ನುಂಗಿದ ಮೇಲೆ ಸ್ವಲ್ಪ ಹೊತ್ತು ಕೂತೇ ಇರಲಿ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಆದರೆ ಖಾಲಿ ಹೊಟ್ಟೆಯಲ್ಲಿ ಪೂರ್ತಿ ಒಂದು ಲೋಟ ನೀರು, ಕನಿಷ್ಠ ಅರ್ಧ ಗಂಟೆ ಮಲಗುವ ಹಾಗಿಲ್ಲ.

ನುಂಗಿದ ಮೇಲೆಯೇ ಬರೆಯಿರಿ. ಮುಂಚೆ ಬರೆದಿಡಬೇಡಿ, ಸಂಜೆ ಒಟ್ಟಿಗೆ ಬರೆಯೋಣ ಅಂತ ಬಿಡಲೂ ಬೇಡಿ.

ಮಾತ್ರೆ ದೊಡ್ಡದು, ನುಂಗಲು ಆಗುತ್ತಿಲ್ಲ ಅಂದಾಗ ಕುಟ್ಟಾಣಿಗೆ ಹಾಕಿ ಪುಡಿ ಮಾಡುವವರಿದ್ದಾರೆ. ದಯವಿಟ್ಟು ಕೇಳದೆ ಮಾಡಬೇಡಿ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್ ಅಂತ ಇದ್ದರೆ ಅದು ದಿನವಿಡೀ ನಿಧಾನವಾಗಿ ಕರಗಬೇಕಾದ ಮಾತ್ರೆ. ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲ ಮೈಗೆ ಇಳಿಯುತ್ತದೆ. ಡಾಕ್ಟರ್‌ಗೆ ಹೇಳಿದರೆ ಸಿರಪ್ಪನ್ನೋ ಚಿಕ್ಕ ಮಾತ್ರೆಯನ್ನೋ ಬರೆದುಕೊಡುತ್ತಾರೆ.

ಹೆಜ್ಜೆ 4: ಮಾತ್ರೆಗೂ ಊಟಕ್ಕೂ ಇರುವ ನಂಟು

ಮೈಸೂರಿನ ಮನೆಗಳಲ್ಲಿ ಕಣ್ಣು ಬಿಟ್ಟ ಕೂಡಲೇ ಫಿಲ್ಟರ್ ಕಾಫಿ ಬೇಕು. ಥೈರಾಯ್ಡ್ ಮಾತ್ರೆಗೆ ಅದೇ ತೊಡಕು. ಅದನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಜೊತೆಯಲ್ಲೇ ಕುಡಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಾನು ಹೇಳಿಕೊಡುವ ಉಪಾಯ ಇದು: ರಾತ್ರಿಯೇ ಹಾಸಿಗೆ ಪಕ್ಕ ನೀರಿನ ಲೋಟ ಇಡಿ. ಎದ್ದ ಕೂಡಲೇ ಮಾತ್ರೆ, ಆಮೇಲೆ ಮುಖ ತೊಳೆದು, ಸ್ನಾನ, ದೇವರ ಪೂಜೆ. ಅಷ್ಟರಲ್ಲಿ ಹೊತ್ತು ಕಳೆದಿರುತ್ತದೆ, ಕಾಫಿಯೂ ರೆಡಿ. ಕ್ಯಾಲ್ಸಿಯಂ, ಐರನ್ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ.

ಗ್ಯಾಸ್ ಮಾತ್ರೆ ಅನ್ನುತ್ತೇವಲ್ಲ, ಪ್ಯಾಂಟೊಪ್ರಜೋಲ್, ಅದು ತಿಂಡಿಗೆ ಅರ್ಧ ಗಂಟೆ ಮುಂಚೆ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಊಟದ ಜೊತೆ ಅಥವಾ ಊಟ ಆದ ಮೇಲೆ. ಪಾರ್ಕಿನ್ಸನ್ ಇರುವವರ ಮಾತ್ರೆ ಗಡಿಯಾರದ ಪ್ರಕಾರ, ಅರ್ಧ ಗಂಟೆ ತಡವಾದರೂ ಕೆಲವರಿಗೆ ಕೈಕಾಲು ಮರಗಟ್ಟಿದ ಹಾಗೆ ಆಗುತ್ತದೆ.

ಗ್ಲಿಮೆಪಿರೈಡ್ ಇರುವ ಶುಗರ್ ಮಾತ್ರೆ ಬಗ್ಗೆ ಹೆಚ್ಚು ಎಚ್ಚರ ಬೇಕು. ಅದನ್ನು ನುಂಗಿದ ಮೇಲೆ ಊಟ ತಪ್ಪಿದರೆ ಶುಗರ್ ಧಡಕ್ಕನೆ ಇಳಿಯುತ್ತದೆ. ಹಾಗಾಗಿ ತಟ್ಟೆ ಮುಂದೆ ಬಂದ ಮೇಲೆ ಮಾತ್ರೆ ಕೊಡಿ, "ಮುದ್ದೆ ಆಗ್ತಾ ಇದೆ" ಅಂದಾಗ ಅಲ್ಲ. ಏಕಾದಶಿ, ಶಿವರಾತ್ರಿ, ಶನಿವಾರದ ಒಪ್ಪತ್ತು ಬಿಡುವುದಿಲ್ಲ ಅನ್ನುವ ಅಜ್ಜಿಯರಿದ್ದಾರೆ. ಉಪವಾಸ ಮಾಡಬೇಡಿ ಅಂತ ವಾದಕ್ಕೆ ಇಳಿಯಬೇಡಿ. ಹಬ್ಬಕ್ಕೆ ಎರಡು ದಿನ ಮುಂಚೆಯೇ ಮಗನಿಗೆ ಹೇಳಿ, ಅವತ್ತಿನ ಮಾತ್ರೆ ಹೇಗೆ ಅಂತ ಡಾಕ್ಟರ್ ಹತ್ತಿರ ಕೇಳಿಸಿ, ಉತ್ತರ ಬರೆದಿಟ್ಟುಕೊಳ್ಳಿ.

ಹೆಜ್ಜೆ 5: ಡ್ರಾಪ್ಸ್, ಪಂಪ್, ಮುಲಾಮು

ಇವನ್ನು ನರ್ಸ್ ಅಥವಾ ಡಾಕ್ಟರ್ ಒಂದು ಸಲ ತೋರಿಸಿಕೊಟ್ಟ ಮೇಲೆ ಮಾಡಿ. ಕಣ್ಣಿನ ಡ್ರಾಪ್ಸ್ ಒಂದೇ ಹನಿ ಸಾಕು, ಬಾಟಲಿ ತುದಿ ರೆಪ್ಪೆಗೆ ತಾಗಬಾರದು. ಕಣ್ಣು ಮುಚ್ಚಿಸಿ ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಮೆಲ್ಲಗೆ ಒತ್ತಿ. ಎರಡನೇ ಡ್ರಾಪ್ಸ್ ಇದ್ದರೆ ಐದು ನಿಮಿಷ ಬಿಟ್ಟು. ತೆರೆದ ತಾರೀಖು ಬಾಟಲಿ ಮೇಲೆ ಬರೆಯಿರಿ, ಸಾಮಾನ್ಯವಾಗಿ ನಾಲ್ಕು ವಾರದ ಮೇಲೆ ಅದನ್ನು ಬಳಸಬಾರದು.

ಉಬ್ಬಸದ ಪಂಪ್ ಆದರೆ ಅಲ್ಲಾಡಿಸಿ ಕೊಡಿ. ಅವರು ಉಸಿರು ಪೂರ್ತಿ ಬಿಟ್ಟು, ಪಂಪ್ ಒತ್ತುತ್ತಾ ನಿಧಾನಕ್ಕೆ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಸ್ಟೀರಾಯ್ಡ್ ಇರುವ ಪಂಪ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಲೇಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣಾಗುತ್ತದೆ. ಮುಲಾಮು ಹಚ್ಚುವಾಗ ಗ್ಲೌಸ್ ಹಾಕಿಕೊಳ್ಳಿ. ತೆರೆದ ಗಾಯ ಇದ್ದರೆ ಮುಟ್ಟಬೇಡಿ, ನರ್ಸ್ ಕರೆಸಿ.

ಹೆಜ್ಜೆ 6: ಇನ್ಸುಲಿನ್ ಮುಂದೆ ಕೈ ನಿಲ್ಲಬೇಕು

"ಎಲ್ಲರೂ ಚುಚ್ತಾರೆ, ನೀನೂ ಚುಚ್ಚು" ಅಂತ ಮನೆಯವರು ಹೇಳಿಯೇ ಹೇಳುತ್ತಾರೆ. ಯಾಕೆ ಬೇಡ ಅನ್ನುತ್ತೇನೆ, ನೋಡಿ.

ನಮ್ಮಲ್ಲಿ ಇನ್ಸುಲಿನ್ ಎರಡು ಸ್ಟ್ರೆಂತ್‌ನಲ್ಲಿ ಸಿಗುತ್ತದೆ. ಒಂದು ಎಂಎಲ್‌ಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. 40ರ ಸಿರಿಂಜಿಗೆ ಕೆಂಪು ಕ್ಯಾಪ್, 100ರ ಸಿರಿಂಜಿಗೆ ಕಿತ್ತಳೆ ಕ್ಯಾಪ್. ಟ್ಯೂಬ್‌ಲೈಟ್ ಬೆಳಕಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. 100ರ ಬಾಟಲಿಯಿಂದ ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಬರುವುದು 50 ಯೂನಿಟ್. ಅಂದರೆ ಎರಡೂವರೆ ಪಟ್ಟು. ರಾತ್ರಿ ಹೊತ್ತು ಅಷ್ಟು ಇನ್ಸುಲಿನ್ ಮೈಗೆ ಹೋದರೆ ಬೆಳಿಗ್ಗೆ ಎಬ್ಬಿಸಿದಾಗ ಏಳದೇ ಇರಬಹುದು.

ಅವರೇ ಚುಚ್ಚಿಕೊಳ್ಳುವವರಾದರೆ ನೀವು ಮಾಡುವ ಸಹಾಯ ದೊಡ್ಡದು. ಇನ್ಸುಲಿನ್ ಪೆನ್ ತಂದುಕೊಡಿ. ಶುಗರ್ ಚೆಕ್ ಮಾಡಿಕೊಳ್ಳಲು ನೆನಪಿಸಿ. ಅವರು ಪೆನ್ನಿನಲ್ಲಿ ತಿರುಗಿಸಿದ ನಂಬರ್ ಓದಿ ಹೇಳಿ, ಪಟ್ಟಿಯ ನಂಬರ್ ಜೊತೆ ತಾಳೆ ನೋಡಿ. ಊಟ ಬಡಿಸಲು ಸಿದ್ಧ ಇರಲಿ. ಚುಚ್ಚಲು ಅವರಿಗೆ ಆಗದಿದ್ದರೆ ಮನೆಯವರು ಕಲಿಯಲಿ, ಇಲ್ಲವೇ ನರ್ಸ್ ಬರಲಿ. ತೆರೆಯದ ಇನ್ಸುಲಿನ್ ಫ್ರಿಜ್ಜಿನ ಒಳಗೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರೀಜರ್‌ನಲ್ಲಿ ಇಡಲೇಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ.

ಶುಗರ್ ಇಳಿದಾಗ ಏನು ಮಾಡಬೇಕು ಅನ್ನುವುದು ಬಾಯಿಪಾಠ ಆಗಿರಲಿ. ಬೆವರು, ಕೈ ನಡುಕ, ಹಸಿವು, ಎದೆ ಹೊಡೆತ, ಮಾತು ತೊದಲುವುದು, ಸುಮ್ಮಸುಮ್ಮನೆ ಸಿಟ್ಟು, ಇವು ಲಕ್ಷಣಗಳು. ಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಇದ್ದರೆ, ಮೀಟರ್ ಇಲ್ಲದೆ ಲಕ್ಷಣ ಕಂಡರೂ ಸರಿ, ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಂದು ಸಲ ಕೊಡಿ. ಸರಿಯಾದ ಮೇಲೆ ಏನಾದರೂ ತಿನ್ನಿಸಿ, ಮನೆಯವರಿಗೆ ಫೋನ್ ಮಾಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರಿಗೆ ಹೋಗುತ್ತದೆ. ಒಂದು ಮಗ್ಗುಲಿಗೆ ತಿರುಗಿಸಿ 108ಕ್ಕೆ ಕರೆ ಮಾಡಿ.

ಹೆಜ್ಜೆ 7: ಬೇಡ ಅಂದರೆ, ಮರೆತರೆ, ಎರಡು ಸಲ ಆದರೆ

ಮಾತ್ರೆ ಬೇಡ ಅಂದರೆ ಬಲವಂತ ಮಾಡಬೇಡಿ. ಯಾಕೆ ಅಂತ ಕೇಳಿ. ಕಹಿಯೋ, ಹೊಟ್ಟೆ ಉರಿಯೋ, ಪದೇ ಪದೇ ಬಚ್ಚಲಿಗೆ ಹೋಗಬೇಕಾಗುತ್ತದೆ ಅನ್ನುವ ಸಂಕೋಚವೋ, ಏನೋ ಒಂದು ಕಾರಣ ಇರುತ್ತದೆ. 15-20 ನಿಮಿಷ ಬಿಟ್ಟು ಮತ್ತೆ ಕೇಳಿ. ಆಗಲೂ ಬೇಡ ಅಂದರೆ ಅವರು ಹೇಳಿದ ಕಾರಣವನ್ನು ಅವರ ಮಾತಲ್ಲೇ ಬರೆದು ಮನೆಯವರಿಗೆ ತಿಳಿಸಿ.

ಮರೆತ ಮಾತ್ರೆಗೆ ಮುಂದಿನ ಸಲ ಎರಡು ಕೊಡುವ ಹಾಗಿಲ್ಲ. ವಾಂತಿ ಆದರೆ ಮತ್ತೆ ಕೊಡುವ ಮುಂಚೆ ಕೇಳಿ. ನೆಲಕ್ಕೆ ಬಿದ್ದಿದ್ದನ್ನು ಕೊಡಬೇಡಿ, ಬಿದ್ದದ್ದೂ ಪುಸ್ತಕಕ್ಕೆ ಬರಲಿ, ಲೆಕ್ಕ ತಪ್ಪಬಾರದು.

ಎರಡು ಸಲ ಕೊಟ್ಟದ್ದು ನನ್ನ ಕೈಯಲ್ಲೇ ಆಗಿದೆ. ಮಂಡ್ಯದಲ್ಲಿ ಒಬ್ಬ ತಾತನ ಮನೆ, ನನ್ನ ಕೆಲಸದ ಮೊದಲ ವರ್ಷಗಳು. ನಾನು ರಾತ್ರಿ ಎಂಟಕ್ಕೆ ಹೋದೆ. ಹಗಲಿನವರು ಬಸ್ಸಿಗೆ ಹೊತ್ತಾಯಿತು ಅಂತ ಏಳೂಮುಕ್ಕಾಲಿಗೇ ರಾತ್ರಿ ಬಿಪಿ ಮಾತ್ರೆ ಕೊಟ್ಟು ಹೊರಟುಹೋಗಿದ್ದರು, ಬರೆದಿರಲಿಲ್ಲ. ನಾನೂ ಕೇಳಲಿಲ್ಲ. ತಾತ ಊಟ ಆದ ಮೇಲೆ ಕೈ ಚಾಚಿದರು, ಕೊಟ್ಟೆ. ನುಂಗಿ ನೀರು ಕುಡಿದು, "ಇವತ್ತು ಎರಡಾಯ್ತಲ್ಲವ್ವ" ಅಂದರು. ನನ್ನ ಕೈ ತಣ್ಣಗಾಯಿತು. ಆ ಕ್ಷಣವೇ ಮಗಳಿಗೆ ಫೋನ್ ಮಾಡಿದೆ, ಅವರು ಡಾಕ್ಟರ್‌ಗೆ ಮಾಡಿದರು. ಮಲಗಿಸಿ, ಅರ್ಧ ಗಂಟೆಗೊಮ್ಮೆ ಬಿಪಿ ನೋಡಿ, ಒಬ್ಬರೇ ಎದ್ದು ಬಚ್ಚಲಿಗೆ ಹೋಗಲು ಬಿಡಬೇಡಿ ಅಂದರು. ರಾತ್ರಿ ಇಡೀ ಮಂಚದ ಪಕ್ಕ ಕೂತಿದ್ದೆ. ತಾತನಿಗೆ ತಲೆ ಸುತ್ತು ಬಂತು, ಬೆಳಗಿನ ಜಾವಕ್ಕೆ ಸರಿ ಹೋಯಿತು. ಬಿಪಿ ಮಾತ್ರೆಯ ಬದಲು ಬೇರೆ ಯಾವುದಾದರೂ ಆಗಿದ್ದರೆ ಅಂತ ಈಗಲೂ ಯೋಚನೆ ಬರುತ್ತದೆ.

ತಪ್ಪಾದರೆ ಮುಚ್ಚಿಡಬೇಡಿ. ಲಕ್ಷಣ ಕಾಣಲಿ ನೋಡೋಣ ಅಂತ ಕಾಯಬೇಡಿ, ವಾಂತಿ ಮಾಡಿಸಲು ಹೋಗಬೇಡಿ. ಸ್ಟ್ರಿಪ್ ಕೈಯಲ್ಲಿ ಹಿಡಿದು ಫೋನ್ ಮಾಡಿ. ಮುಖ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ಎದೆನೋವು ಬಂದರೆ, ಎಬ್ಬಿಸಿದರೂ ಏಳದಿದ್ದರೆ ಮೊದಲು 108, ಆಮೇಲೆ ಮನೆಯವರು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಮಲ ಟಾರಿನ ಹಾಗೆ ಕಪ್ಪಾದರೆ, ಒಸಡಲ್ಲಿ ರಕ್ತ ನಿಲ್ಲದಿದ್ದರೆ ಅವತ್ತೇ ತಿಳಿಸಿ.

"ಸುಮ್ನೆ ಒಂದು ಜಾಸ್ತಿ ಕೊಟ್ಬಿಡಿ" ಅಂದಾಗ

ರಾತ್ರಿ ಅಜ್ಜಿ ಮಲಗುವುದಿಲ್ಲ, ಮನೆಯವರಿಗೂ ನಿದ್ದೆ ಇಲ್ಲ. ಅವರ ಕಷ್ಟ ನಿಜವಾದದ್ದು. ಆದರೂ ನಿದ್ದೆ ಮಾತ್ರೆ ಒಂದು ಹೆಚ್ಚು ಕೊಟ್ಟರೆ ಅಜ್ಜಿ ರಾತ್ರಿ ಎದ್ದು ಬಿದ್ದು ಸೊಂಟ ಮುರಿದುಕೊಳ್ಳಬಹುದು. ಆಲ್ಪ್ರಜೋಲಮ್‌ನಂಥ ಮಾತ್ರೆ ಸರ್ಕಾರದ ಎಚ್1 ಪಟ್ಟಿಯಲ್ಲಿದೆ, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಅದನ್ನು ಮಾರುವಾಗ ಅಂಗಡಿಯವರು ಡಾಕ್ಟರ್ ಮತ್ತು ರೋಗಿಯ ಹೆಸರನ್ನು ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಅಷ್ಟು ಲೆಕ್ಕ ಇಡುವ ಮಾತ್ರೆಯನ್ನು ನಾವು ಬಾಯಿಮಾತಲ್ಲಿ ಕೊಡುವ ಹಾಗಿಲ್ಲ. "ಸಾರ್, ನಂಗೂ ಅಜ್ಜಿ ಮಲಗ್ಲಿ ಅಂತಾನೇ ಇದೆ. ಡಾಕ್ಟರ್ ಬರೆದುಕೊಟ್ರೆ ಖಂಡಿತ ಕೊಡ್ತೀನಿ. ನಾಳೆ ಅವ್ರಿಗೆ ಹೇಳೋಕೆ, ರಾತ್ರಿ ಎಷ್ಟೆಷ್ಟು ಹೊತ್ತಿಗೆ ಎದ್ರು ಅಂತ ಬರೆದಿಡ್ತೀನಿ" ಅನ್ನಿ. ಇಷ್ಟು ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಹೊಸ ಸ್ಟಾಕ್, ಹಳೇ ಔಷಧಿ

ಒಂದು ವಾರಕ್ಕೆ ಆಗುವಷ್ಟು ಉಳಿದಾಗಲೇ ಹೇಳಿ. ದಸರಾ ಸಮಯದಲ್ಲಿ ಮೈಸೂರು ಪೇಟೆಗೆ ಹೋಗಿಬರುವುದೇ ಒಂದು ದಿನದ ಕೆಲಸ. ಜನೌಷಧಿ ಕೇಂದ್ರದಿಂದ ತಂದಾಗ ಸ್ಟ್ರಿಪ್, ಬಣ್ಣ, ಆಕಾರ ಎಲ್ಲಾ ಬೇರೆ ಇರುತ್ತದೆ. ಒಳಗಿನ ಔಷಧಿಯ ಹೆಸರು ಮತ್ತು ಎಂಜಿ ಪಟ್ಟಿಯ ಜೊತೆ ಸರಿಯಾಗಿ ಕೂತರೆ ಅದು ಅದೇ ಔಷಧಿ. ಹಳೆಯದರ ಜೊತೆ ಹೊಸದನ್ನೂ ಕೊಟ್ಟು ಡಬಲ್ ಮಾಡಬೇಡಿ. ಬಿಪಿ ಮಾತ್ರೆ ಮೇಲೆ ಟೆಲ್ಮಿಸಾರ್ಟನ್ ಅಂತ ಮಾತ್ರ ಇರುವುದಕ್ಕೂ, ಹೆಸರಿನ ಮುಂದೆ ಎಚ್ ಅಥವಾ ಎಎಂ ಸೇರಿರುವುದಕ್ಕೂ ವ್ಯತ್ಯಾಸ ಇದೆ, ಅಲ್ಲಿ ಇನ್ನೊಂದು ಔಷಧಿ ಸೇರಿರುತ್ತದೆ. ಅಂಗಡಿಯ ಕೌಂಟರ್ ಬಿಡುವ ಮುಂಚೆಯೇ ಮೊಬೈಲಲ್ಲಿರುವ ಪಟ್ಟಿಯ ಫೋಟೋ ತೆರೆದು ತಾಳೆ ನೋಡಿ.

ತಾರೀಖು ಮುಗಿದ ಔಷಧಿಯನ್ನು ಮನೆಯವರು ಒಪ್ಪಿದ ಮೇಲೆ, ಹಸಿ ಕಸ ಒಣ ಕಸಕ್ಕೆ ಸೇರಿಸದೆ, ಬೇರೆ ಕವರಿನಲ್ಲಿ ಕಟ್ಟಿ ಕಸದ ಗಾಡಿಯವರಿಗೆ ಹೇಳಿ ಕೊಡಿ. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಭದ್ರ ಮಾಡಿ. ಬರಿ ಸೂಜಿ ಕಸಕ್ಕೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಕೊನೆಯದಾಗಿ, ಪುಸ್ತಕ

ಇನ್ನೂರು ಪುಟದ ಗೆರೆ ಪುಸ್ತಕ ಸಾಕು. ತಾರೀಖು, ಹೊತ್ತು, ಮಾತ್ರೆ, ಎಷ್ಟು, ನುಂಗಿದರೋ ಇಲ್ಲವೋ, ವಿಶೇಷ ಏನು, ಸಹಿ. ತಪ್ಪು ಬರೆದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ವೈಟ್ನರ್ ಹಾಕಬೇಡಿ. ಪಾಳಿ ಬದಲಾಗುವಾಗ ಇಬ್ಬರೂ ನಿಂತು ಅವತ್ತಿನ ಪುಟ ಓದಿ, ಇಬ್ಬರೂ ಸಹಿ ಹಾಕಿ. ಅದಾದ ಮೇಲೆಯೇ ಬಸ್ಸು.

ಆ ಸ್ಟೀಲ್ ಡಬ್ಬಿಯ ಮನೆಯ ಪುಸ್ತಕದಲ್ಲಿ ಒಂದು ಪುಟ ಹೀಗಿದೆ: "ಬೆಳಿಗ್ಗೆ 6.15, ಥೈರಾಯ್ಡ್ ಮಾತ್ರೆ 50, ನುಂಗಿದರು. 7.00, ಕಾಫಿ. 8.20, ತಿಂಡಿ ಎರಡು ಇಡ್ಲಿ, ಶುಗರ್ ಮಾತ್ರೆ, ನುಂಗಿದರು. 8.30, ಬಿಪಿ ಮಾತ್ರೆ 40, ಹೊಸ ಸ್ಟ್ರಿಪ್, ಬಣ್ಣ ಬೇರೆ ಅಂತ ಅಜ್ಜಿ ಕೇಳಿದರು. ಮಗಳಿಗೆ ಫೋಟೋ ಕಳಿಸಿದೆ. ಅದೇ ಔಷಧಿ ಅಂತ ಫಾರ್ಮಸಿಸ್ಟ್ ಹೇಳಿದರು ಅಂದರು. 8.50ಕ್ಕೆ ನುಂಗಿದರು."